ಹಳೆಯ ಟ್ರ್ಯಾಕ್ಟರಿಗೆ ಬೇರೊಂದರ ತೋಳು

ಸಹ್ಯಾದ್ರಿಯಲ್ಲಿ ಹುಟ್ಟುವ ದೂಧಗಂಗಾ ನದಿಯು ಕೊಲ್ಹಾಪುರ ಜಿಲ್ಲೆಯ ಕಾಳಮ್ಮವಾಡಿ ಜಲಾಶಯವನ್ನು ಹಾದು, ಬಯಲಿಗಿಳಿದು, ಚಿಕ್ಕೋಡಿ ತಾಲೂಕಿನ ಸದಲಗಾ ಸೀಮೆಯ ಕಬ್ಬಿಗೆ ನೀರುಣಿಸಿ ಕೃಷ್ಣೆಯನ್ನು ಸೇರುತ್ತದೆ. 2019ರಲ್ಲಿಯೂ 2021ರಲ್ಲಿಯೂ ಈ ನದಿ ಉಕ್ಕಿ ಹರಿದು ಸದಲಗಾ–ಬೋರಗಾಂವ ನಡುವಣ ಸೇತುವೆಯನ್ನು ಮುಳುಗಿಸಿತು. ಇಂಥ ನೆರೆ ಇಳಿದ ಮೇಲೆ ಹೊಲದಲ್ಲಿ ಉಳಿಯುವುದು ಹೂಳು, ಕೊಳೆತ ಕಬ್ಬು, ತೇಲಿ ಬಂದ ಕಸಕಡ್ಡಿ. ಆ ಹೂಳಿನಲ್ಲಿ ಒಂದಿಷ್ಟು ಘಟ್ಟದ ಮಣ್ಣೇ ಇರುತ್ತದೆಂಬುದನ್ನು ಬೆಟ್ಟದ ಮೇಲಿರುವ ನಾವು ನೆನಪಿನಲ್ಲಿಡಬೇಕು.

ಈ ಹೂಳನ್ನು ಎತ್ತುವವರಾರು? ಸಲಿಕೆ ಬುಟ್ಟಿ ಹಿಡಿಯುವ ಆಳುಗಳು ದೊರೆಯುವುದು ದುರ್ಲಭವಾಗಿದೆ. ಗಂಟೆಯ ಬಾಡಿಗೆಗೆ ಜೆಸಿಬಿ ತರಿಸಬಹುದು. ಆದರೆ ಏಳೆಂಟು ಟನ್ ತೂಗುವ ಆ ಯಂತ್ರ ಹಸಿಯಾದ ಎರೆಮಣ್ಣಿನ ಮೇಲೆ ಓಡಾಡಿದರೆ ನೆಲ ಗಟ್ಟಿಯಾಗಿ ಮುಂದಿನ ಬೆಳೆಯ ಬೇರಿಗೆ ದಾರಿಯಿಲ್ಲದಂತಾಗುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಮನೆಯಲ್ಲಿರುವ ಸುಮಾರು 2 ಟನ್ ತೂಕದ ಹಳೆಯ ಟ್ರ್ಯಾಕ್ಟರಿಗೆ, ಬೇರೆ ಯಾವುದೋ ಟ್ರ್ಯಾಕ್ಟರಿನಿಂದ ಕಳಚಿದ ಮುಂಭಾಗದ ಲೋಡರ್ ಒಂದನ್ನು ಕೊಂಡು ತಂದು ಜೋಡಿಸುವುದು. ಹೂಳಿಗಷ್ಟೇ ಅಲ್ಲ, ತಿಪ್ಪೆಗೊಬ್ಬರ ಹೇರಲು, ರವದಿ ರಾಶಿ ಮಾಡಲು ಸಹ ಅದು ಒದಗುತ್ತದೆ. ರವದಿಗೆ ಬೆಂಕಿ ಹಚ್ಚದೆ ಗೊಬ್ಬರ ಮಾಡಬೇಕೆನ್ನುವವರು, ಅದನ್ನು ಒಂದೆಡೆ ಸೇರಿಸುವ ಸಾಧನವನ್ನೂ ರೈತನಿಗೆ ತೋರಿಸಬೇಕಲ್ಲವೆ?

ಈ ಮರುಬಳಕೆಯನ್ನು ನಾನು ಮನಃಪೂರ್ವಕವಾಗಿ ಬೆಂಬಲಿಸುತ್ತೇನೆ. ದುಡಿಯಬಲ್ಲ ಕಬ್ಬಿಣವನ್ನು ಗುಜರಿಗೆ ಹಾಕಿ ಹೊಸ ಕಬ್ಬಿಣ ಕರಗಿಸುವುದರಲ್ಲಿ ಜಾಣತನವೇನೂ ಇಲ್ಲ. ಆದರೆ ಬೆಂಬಲಕ್ಕೆ ಒಂದು ನಿಬಂಧನೆಯುಂಟು. ಲೋಡರಿನ ಭಾರವನ್ನು ಟ್ರ್ಯಾಕ್ಟರಿನ ಹಿಂದಿನ ಅಚ್ಚಿನವರೆಗೆ ಒಯ್ಯುವ ಚೌಕಟ್ಟಿಲ್ಲದಿದ್ದರೆ ಆ ಜೋಡಣೆಗೆ ನನ್ನ ಸಮ್ಮತಿಯಿಲ್ಲ.

ಕಾರಣವನ್ನು ತುಸು ವಿವರಿಸಬೇಕು. ಲಾರಿಗಿರುವಂಥ ಉದ್ದನೆಯ ಚಾಸಿ ನಮ್ಮ ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಇಲ್ಲ. ಎಂಜಿನ್, ಕ್ಲಚ್ ಮನೆ, ಗೇರುಪೆಟ್ಟಿಗೆ, ಹಿಂದಿನ ಅಚ್ಚಿನ ಮನೆ ಇವನ್ನು ಒಂದಕ್ಕೊಂದು ಬೋಲ್ಟು ಬಿಗಿದು ಸೇರಿಸಿರುತ್ತಾರೆ. ಅದೇ ಅವುಗಳ ಬೆನ್ನೆಲುಬು. ಅದೂ ಎರಕದ ಕಬ್ಬಿಣ. ಎರಕದ ಕಬ್ಬಿಣ ಒತ್ತಡವನ್ನು ತಾಳುತ್ತದೆ, ಬಾಗುವಿಕೆಯನ್ನು ತಾಳದು. ಬಾಗುವ ಬದಲು ಬಿರಿಯುತ್ತದೆ. ಲೋಡರಿನ ಕಂಬಗಳನ್ನು ಎಂಜಿನ್ನಿನ ಪಕ್ಕಕ್ಕೆ ಮಾತ್ರ ಬಿಗಿದು ಬಿಟ್ಟರೆ, ಬಕೆಟ್ ನೆಲಕ್ಕೆ ಗುದ್ದಿದ ಪ್ರತಿ ಸಲವೂ ಎಂಜಿನ್ ಮತ್ತು ಗೇರುಪೆಟ್ಟಿಗೆ ಕೂಡುವ ಸಂದು ಬಾಯ್ದೆರೆಯಲು ಹವಣಿಸುತ್ತದೆ. ಬೋಲ್ಟಿನ ತೂತು ಹೊಂದದಿದ್ದರೆ ಅಲ್ಲಿಯೇ ಒಂದು ತುಂಡು ವೆಲ್ಡ್ ಮಾಡಿ ಕೊಡುವ ಗ್ಯಾರೇಜುಗಳಿಗೆ ಕೊರತೆಯಿಲ್ಲ. ಎರಕದ ಮೇಲೆ ಹಾಗೆ ಹಾಕಿದ ಬೆಸುಗೆ ಕಣ್ಣಿಗೆ ಭದ್ರ, ಭಾರಕ್ಕೆ ಅಭದ್ರ. ಕಂಬದಿಂದ ಹಿಂದಿನ ಅಚ್ಚಿನ ಮನೆಯವರೆಗೆ ಎರಡೂ ಬದಿಯಲ್ಲಿ ಉಕ್ಕಿನ ಪಟ್ಟಿಗಳು ಹೋಗಲೇಬೇಕು.

ಇನ್ನು ತೂಕದ ಲೆಕ್ಕ. ಅಚ್ಚುಗಳ ನಡುವಣ ಅಂತರ 2 ಮೀಟರ್ ಎಂದಿಟ್ಟುಕೊಳ್ಳಿ. ಮುಂದಿನ ಅಚ್ಚಿಗಿಂತ ಒಂದೂವರೆ ಮೀಟರ್ ಮುಂದೆ, ಬಕೆಟ್ಟಿನಲ್ಲಿ 400 ಕಿಲೋ ಹೂಳಿದೆ. ಆಗ ಮುಂದಿನ ಅಚ್ಚಿನ ಮೇಲೆ ಬೀಳುವ ಹೆಚ್ಚುವರಿ ಭಾರ 400 ಕಿಲೋ ಅಲ್ಲ, 700 ಕಿಲೋ. ಉಳಿದ 300 ಎಲ್ಲಿಂದ ಬಂತು? ಹಿಂದಿನ ಗಾಲಿಗಳಿಂದ ಕಸಿದುಕೊಂಡದ್ದು. ಲೋಡರಿನ ಸ್ವಂತ ತೂಕವನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಹಿಂದಿನ ಗಾಲಿ ಹಗುರವಾದರೆ ಬ್ರೇಕೂ ಹಗುರವಾಯಿತೆಂದೇ ಅರ್ಥ, ಏಕೆಂದರೆ ಹಳೆಯ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಆದುದರಿಂದ ಹಿಂಬದಿಯ ಮೂರು ಕೊಂಡಿಗಳಿಗೆ ಕಲ್ಲು ಅಥವಾ ಕಾಂಕ್ರೀಟ್ ತುಂಬಿದ ಪೆಟ್ಟಿಗೆಯೊಂದನ್ನು ತೂಗುಹಾಕಬೇಕು. ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದಿರುವ 300 ಕಿಲೋ ಪೆಟ್ಟಿಗೆ ಮುಂದಿನ ಅಚ್ಚಿನಿಂದ 150 ಕಿಲೋ ಇಳಿಸಿ, ಹಿಂದಿನದಕ್ಕೆ 450 ಕಿಲೋ ಕೊಡುತ್ತದೆ. ಹಿಂದಿನ ಟಯರುಗಳಿಗೆ ನೀರು ತುಂಬಿಸಿದರೆ ಸಾಕೆನ್ನುವವರಿದ್ದಾರೆ. ಅದರಿಂದ ಹಿಂಬದಿ ಭಾರವಾಗುವುದು ನಿಜ, ಮುಂದಿನ ಅಚ್ಚಿನ ಹೊರೆ ಮಾತ್ರ ಒಂದು ಕಿಲೋ ಸಹ ಇಳಿಯದು.

ಎಣ್ಣೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎತ್ತಲು ಮಾತ್ರ ಬಲ ಕೊಡುತ್ತದೆ, ನೇಗಿಲು ಇಳಿಯುವುದು ತನ್ನ ತೂಕದಿಂದಲೇ. ಲೋಡರಿನ ಬಕೆಟ್ಟಿಗೆ ಎರಡೂ ಕಡೆ ಬಲ ಬೇಕಾದ್ದರಿಂದ ಬೇರೆಯೇ ವಾಲ್ವ್ ಅಗತ್ಯ. ಪಂಪು ಸಣ್ಣದಾದರೆ ತೋಳು ನಿಧಾನವಾಗಿ ಏಳುತ್ತದೆ, ಏಳಲಿ, ಅವಸರವೇನು? ಹೆಚ್ಚು ಎತ್ತಬೇಕೆಂದು ಒತ್ತಡದ ವಾಲ್ವನ್ನು ಬಿಗಿಗೊಳಿಸುವುದು ಮಾತ್ರ ಅಪಾಯ. ಹಳೆಯ ಪೈಪಿನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಸೋರಿಕೆಯನ್ನು ಕೈಯಿಂದ ತಡವಿ ನೋಡದೆ ರಟ್ಟಿನ ತುಂಡು ಹಿಡಿದು ಪರೀಕ್ಷಿಸಬೇಕು.

ಇಲ್ಲಿ ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವಿದೆ. 1971ರಲ್ಲಿ ಟ್ರ್ಯಾಕ್ಟರ್ ತಯಾರಿಕೆಗಿಳಿದ ಎಚ್‌ಎಂಟಿಯ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಆ ಟ್ರ್ಯಾಕ್ಟರುಗಳಿಗೆ ಚೌಕಟ್ಟಿನ ಅಳತೆ ಕೊಡುವ ಕಂಪನಿಯೇ ಈಗಿಲ್ಲ. ಮಹೀಂದ್ರಾ ಬಿ-275, ಫೋರ್ಡ್ 3600 ಮೊದಲಾದ ಹಳೆಯ ಮಾದರಿಗಳದೂ ಹೆಚ್ಚುಕಡಿಮೆ ಇದೇ ಪಾಡು. ಯಾವ ಮಾದರಿಯಲ್ಲಿ ಬೋಲ್ಟಿನ ತೂತುಗಳು ಎಲ್ಲಿವೆ, ಅವು ಎಷ್ಟು ದಪ್ಪ, ಮುಂದಿನ ಗಾಲಿ ಪೂರ್ತಿ ತಿರುಗಿದಾಗ ಕಂಬಕ್ಕೆ ತಾಗದಿರಲು ಎಷ್ಟು ಜಾಗ ಬಿಡಬೇಕು, ಇದೆಲ್ಲ ಒಬ್ಬೊಬ್ಬ ಮೇಸ್ತ್ರಿಯ ತಲೆಯಲ್ಲಿದೆ, ಕಾಗದದ ಮೇಲಿಲ್ಲ. ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಲಿಸುತ್ತಾರೆ, ಐಟಿಐಗಳಂತೂ ಊರೂರಿಗಿವೆ. ಪದವಿಗಾಗಿ ಹೊಸ ಯಂತ್ರದ ಮಾದರಿ ಮಾಡಿ ಮೂಲೆಗಿಡುವ ಬದಲು, ಈ ಹಳೆಯ ಟ್ರ್ಯಾಕ್ಟರುಗಳನ್ನು ಅಳೆದು ನಕ್ಷೆ ಬರೆದು ಕನ್ನಡದಲ್ಲಿ ಹಂಚಿದರೆ ಎಷ್ಟೋ ಬೆನ್ನೆಲುಬುಗಳು ಉಳಿದಾವು. ಟ್ರ್ಯಾಕ್ಟರಿನವೂ, ಚಾಲಕನವೂ.

ಕೊನೆಯದಾಗಿ ಬೆಟ್ಟದ ಹಳ್ಳಿಗಳ ವಿಷಯ. ಮೇಲೆ ಹೇಳಿದ್ದೆಲ್ಲ ಸದಲಗಾದಂಥ ಸಮತಟ್ಟು ನೆಲಕ್ಕೆ ಸಲ್ಲುವ ಮಾತು. ಅದನ್ನೇ ನಮ್ಮ ಇಳಿಜಾರಿಗೆ ತಂದರೆ ಲೆಕ್ಕ ಬುಡಮೇಲಾಗುತ್ತದೆ. ತುಂಬಿದ ಬಕೆಟ್ ಮೇಲೆತ್ತಿದೊಡನೆ ಯಂತ್ರದ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಒಂದು ಗಾಲಿ ಗುಂಡಿಗಿಳಿದರೂ ಟ್ರ್ಯಾಕ್ಟರ್ ಮಗ್ಗುಲಾಗಲು ಅಷ್ಟು ಸಾಕು. ಉರುಳಿದಾಗ ಚಾಲಕನನ್ನು ಕಾಯುವ ಚೌಕಟ್ಟನ್ನು ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿತು. ನಮ್ಮ ಹಳೆಯವುಗಳಲ್ಲಿ ಬಿಸಿಲಿಗೆ ಹೊದಿಸಿದ ತಗಡೊಂದಿದ್ದರೆ ಅದೇ ಹೆಚ್ಚು. ಸಮತಟ್ಟಾದ ಅಂಗಳದಲ್ಲಿ ಗೊಬ್ಬರ ಹೇರಲು ಲೋಡರ್ ಇರಲಿ, ಬಕೆಟ್ಟನ್ನು ಮೊಣಕಾಲಿನೆತ್ತರಕ್ಕಿಂತ ಮೇಲೇರಿಸದೆ ನಡೆಸಲಿ. ದರೆಯ ಅಂಚಿಗೆ, ತೋಟದ ಇಳುಕಲಿಗೆ ಹೋಗುವಾಗ ಅದನ್ನು ಕಳಚಿಟ್ಟೇ ಹೋಗಬೇಕು. ನಾಲ್ಕು ಪಿನ್ನು ಎಳೆದರೆ ಲೋಡರ್ ಬೇರ್ಪಡುವಂತೆ ಚೌಕಟ್ಟನ್ನು ಮೊದಲೇ ಕಟ್ಟಿಸಿಕೊಂಡರೆ ಈ ಕೆಲಸಕ್ಕೆ ಯಾರೂ ಬೇಸರಿಸಲಾರರು.