ಸುಡಾನ್ ಕದನ ಮತ್ತು ನಮ್ಮ ಪಕ್ಷಿರಾಜಪುರ

2023ರ ಏಪ್ರಿಲ್‌. ನಾನು ಸಿಇಟಿಗೆ ಓದುತ್ತಿದ್ದೆ. ನಮ್ಮ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹೆಸರು ಇದ್ದಕ್ಕಿದ್ದಂತೆ ಸುದ್ದಿಯಾಯಿತು. ಗಿಡಮೂಲಿಕೆ ಔಷಧಿ ಮಾರಲು ಸುಡಾನ್‌ಗೆ ಹೋಗಿದ್ದ ಹಕ್ಕಿಪಿಕ್ಕಿ ಸಮುದಾಯದವರು ಅಲ್ ಫಶೀರ್ ನಗರದಲ್ಲಿ ಸಿಲುಕಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ಊಟ, ನೀರಿಗೂ ಪರದಾಟ.

ಅಲ್ಲಿ ದಾಳಿ ಮಾಡಿದ್ದು ಹೊರಗಿನ ಶತ್ರುವಲ್ಲ. ಸೇನಾ ಮುಖ್ಯಸ್ಥ ಬುರ್ಹಾನ್ ಹಾಗೂ ಅರೆಸೇನಾ ಪಡೆ ಆರ್‌ಎಸ್‌ಎಫ್‌ನ ನಾಯಕ ಹೆಮೆಡ್ತಿ 2021ರಲ್ಲಿ ಜೊತೆಯಾಗಿಯೇ ಸರ್ಕಾರವನ್ನು ಉರುಳಿಸಿದ್ದರು. ಆರ್‌ಎಸ್‌ಎಫ್ ಅನ್ನು ಸೇನೆಯೊಳಗೆ ವಿಲೀನಗೊಳಿಸುವ ವಿಚಾರದಲ್ಲಿ ಹೊಂದಾಣಿಕೆ ಮುರಿದು, ಏಪ್ರಿಲ್ 15ರಂದು ಪರಸ್ಪರ ಕಾದಾಟಕ್ಕೆ ಇಳಿದರು. ಬೆಲೆ ತೆತ್ತವರು ಜನಸಾಮಾನ್ಯರು.

ಭಾರತ ‘ಆಪರೇಷನ್ ಕಾವೇರಿ’ ಕೈಗೊಂಡಿತು. ನೌಕಾಪಡೆಯ ಹಡಗುಗಳು ಪೋರ್ಟ್ ಸುಡಾನ್‌ನಿಂದ ಸೌದಿಯ ಜಿದ್ದಾಕ್ಕೆ ಜನರನ್ನು ಸಾಗಿಸಿದವು. ಖಾರ್ಟೂಮ್ ಬಳಿ ದೀಪಗಳೇ ಇಲ್ಲದ ರನ್‌ವೇಯಲ್ಲಿ ವಾಯುಪಡೆಯ ವಿಮಾನ ರಾತ್ರಿ ಇಳಿದು 121 ಮಂದಿಯನ್ನು ಕರೆತಂದಿತು. ಒಟ್ಟು 3,862 ಮಂದಿ ಪಾರಾದರು, ನಮ್ಮ ಹಕ್ಕಿಪಿಕ್ಕಿ ಕುಟುಂಬಗಳೂ ಊರು ಸೇರಿದವು. ಪೈಲಟ್‌ನ ಕೌಶಲದಷ್ಟೇ ಇಲ್ಲಿ ಕೆಲಸ ಮಾಡಿದ್ದು ವಿದೇಶಾಂಗ ನೀತಿ. ಸೌದಿಯೊಂದಿಗೆ ಸ್ನೇಹ ಇಲ್ಲದಿದ್ದರೆ ಹಡಗು ಎಲ್ಲಿಗೆ ಹೋಗಬೇಕಿತ್ತು?

ನಮ್ಮ ಪಿರಿಯಾಪಟ್ಟಣ ದಾಟಿದರೆ ಕೊಡಗು. ಅಲ್ಲಿನ ಕಾರ್ಯಪ್ಪ 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದರು. ಅದೇ ಜಿಲ್ಲೆಯ ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕೇಳಿದಾಗ ಹಿಂಪಡೆದರು. ಸೇನೆಯನ್ನು ಸರ್ಕಾರದ ವಿರುದ್ಧ ತಿರುಗಿಸುವ ಯೋಚನೆಯೇ ಅಲ್ಲಿರಲಿಲ್ಲ. ಸೇನಾ ವೃತ್ತಿಪರತೆಯ ಮೊದಲ ಪಾಠ ಇದೇ ಎಂದು ನನಗನಿಸುತ್ತದೆ. ಸುಡಾನ್ ಕಲಿಯದೇ ಹೋದದ್ದೂ ಇದನ್ನೇ.

ನಮ್ಮವರು ಸಿಲುಕಿದ್ದ ಅಲ್ ಫಶೀರ್ 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ವಶವಾಯಿತು. ಅಲ್ಲಿನ ಜನರನ್ನು ಕರೆದೊಯ್ಯಲು ಯಾವ ದೇಶದ ವಿಮಾನವೂ ಬರಲಿಲ್ಲ.

ಹುಣಸೂರು, ಕೆ.ಆರ್.ನಗರ, ಎಚ್.ಡಿ.ಕೋಟೆಯ ಮೈದಾನಗಳಲ್ಲಿ ಮುಂಜಾನೆ 1.6 ಕಿ.ಮೀ. ಓಟದ ಅಭ್ಯಾಸ ಮಾಡುವ ಗೆಳೆಯರಿದ್ದಾರೆ. ಅಗ್ನಿವೀರರಾಗುವ ಅವರು ಓಟದ ಜೊತೆಗೆ ಈ ಪರಂಪರೆಯನ್ನೂ ಅರಿಯಲಿ. ನನ್ನಂತೆ ಎಂಜಿನಿಯರಿಂಗ್ ಓದಿ ವಿದೇಶಕ್ಕೆ ಹೋಗುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ. ನಾವು ಎಲ್ಲಿದ್ದೇವೆಂದು ಗೊತ್ತಿದ್ದರೆ ತಾನೇ ಯಾರಾದರೂ ಬಂದು ಕರೆದೊಯ್ಯುವುದು?