ರಿಯಾಯಿತಿ ಹೆಂಡತಿಯ ಹೆಸರಿಗೆ, ಮನೆ ಯಾರದು?

“ಹೆಂಗಸರ ಹೆಸರಿಗೆ ಮನೆ ಕೊಂಡರೆ ಸರ್ಕಾರ ಶುಲ್ಕ ಕಡಿಮೆ ಮಾಡುತ್ತದಂತೆ ಮೇಡಂ, ನಿಜವೇ?” ನಮ್ಮ ಬಡಾವಣೆಯ ಸ್ವಸಹಾಯ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಕೇಳಿದರು. ಕೆಲವು ರಾಜ್ಯಗಳಲ್ಲಿ ನಿಜ. ಆದರೆ ಅದರ ಜೊತೆಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಶುಲ್ಕ ಉಳಿಸಿದ ಆ ಮನೆ ನಿಜವಾಗಿ ಯಾರದು?

ದೆಹಲಿಯಲ್ಲಿ ಮಹಿಳೆಯರಿಗೆ ಮುದ್ರಾಂಕ ಶುಲ್ಕ ಪುರುಷರಿಗಿಂತ ನೂರಕ್ಕೆ 2 ರೂಪಾಯಿ ಕಡಿಮೆ. ಮಹಾರಾಷ್ಟ್ರ 2021ರಿಂದ ವಾಸದ ಮನೆಗೆ ನೂರಕ್ಕೆ 1 ರೂಪಾಯಿ ಬಿಟ್ಟಿದೆ. ಜಾರ್ಖಂಡ್ 2017ರಲ್ಲಿ 50 ಲಕ್ಷದವರೆಗಿನ ಆಸ್ತಿಯನ್ನು ಮಹಿಳೆಯರ ಹೆಸರಿಗೆ ಬರೀ 1 ರೂಪಾಯಿಗೆ ನೋಂದಾಯಿಸಿಕೊಟ್ಟಿತು. 2020ರಲ್ಲಿ ಅದನ್ನು ನಿಲ್ಲಿಸಿತು. ಮಹಿಳೆಯರು ಕೊಳ್ಳುವ ಆಸ್ತಿಗೆ ಶುಲ್ಕ ಇಳಿಸಿರೆಂದು ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್ಟಿನಲ್ಲಿ ರಾಜ್ಯಗಳಿಗೆ ಹೇಳಿತು. ನಮ್ಮ ಕರ್ನಾಟಕದಲ್ಲಿ? ಇಲ್ಲಿ 2020 ಮತ್ತು 2021ರಲ್ಲಿ ಶುಲ್ಕ ಇಳಿಸಿದ್ದು ಮನೆಯ ಬೆಲೆ ನೋಡಿ, ಕೊಳ್ಳುವವಳು ಹೆಣ್ಣೆಂದು ಅಲ್ಲ. ಮೇಲಾಗಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿತು.

ಈ ರಿಯಾಯಿತಿ ನಮಗೂ ಬೇಕು ಎಂದು ನಾವು ಕೇಳಲೇಬೇಕು. ಆದರೆ ರಿಯಾಯಿತಿಯೇ ಹಕ್ಕಲ್ಲ. ಶುಲ್ಕ ಉಳಿಸಲು ಹೆಂಡತಿಯ ಹೆಸರಿಗೆ ಕ್ರಯಪತ್ರ ಮಾಡಿಸಿ, ವರ್ಷ ಕಳೆಯುವುದರೊಳಗೆ ದಾನಪತ್ರಕ್ಕೋ ಹಕ್ಕು ಬಿಡುಗಡೆ ಪತ್ರಕ್ಕೋ ಸಹಿ ಹಾಕೆಂದು ಪೀಡಿಸಿದರೆ ಅವಳಿಗೆ ಉಳಿದದ್ದೇನು? ಸಹಿಗಾಗಿ ಹೊಡೆತ ತಿಂದವರು ನಮ್ಮ ನಡುವೆ ಇಲ್ಲವೇ?

ನನ್ನದೇ ಕಥೆ ಹೇಳುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾವು ಮನೆ ಕಟ್ಟಿದೆವು. ಸಾಲದ ಅರ್ಜಿಗೆ ನಾನೂ ಸಹಿ ಹಾಕಿದೆ. ಹದಿನೈದು ವರ್ಷ ನನ್ನ ಸಂಬಳದಿಂದ ಕಂತು ಹೋಯಿತು. ಸಾಲ ತೀರಿ ಮೂಲಪತ್ರಗಳು ಕೈಗೆ ಬಂದಾಗಲೇ ನಾನು ಅವನ್ನು ಮೊದಲ ಸಲ ಓದಿದ್ದು. ಅದರಲ್ಲಿ ನನ್ನ ಹೆಸರಿರಲಿಲ್ಲ! ನನ್ನ ಯಜಮಾನರು ಒಳ್ಳೆಯವರು, ಆಮೇಲೆ ಸರಿಪಡಿಸಿದರು. ಆದರೆ ಒಂದು ಹೆಣ್ಣಿನ ನೆಲೆ ಗಂಡನ ಒಳ್ಳೆಯತನವನ್ನೇ ನಂಬಿಕೊಂಡಿರಬೇಕೇ? ಎಂ.ಎ. ಓದಿದವಳ ಗತಿಯೇ ಹೀಗಾದರೆ ಉಳಿದವರ ಪಾಡೇನು?

ಸಾಲಗಾರಳಾಗುವುದು ಬೇರೆ, ಒಡತಿಯಾಗುವುದು ಬೇರೆ. ಸಾಲದ ಪತ್ರಕ್ಕೆ ಸಹಿ ಹಾಕಿದರೆ ಕಂತು ತಪ್ಪಿದಾಗ ಬ್ಯಾಂಕು ನಿಮ್ಮನ್ನೂ ಹಿಡಿಯುತ್ತದೆ. ಮನೆಯಲ್ಲಿ ಪಾಲು ಮಾತ್ರ ಬರುವುದಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಉಂಟು. ಗಂಡ ಹೆಂಡತಿ ಇಬ್ಬರೂ ಒಡೆಯರಾಗಿ, ಇಬ್ಬರೂ ಸಾಲ ತೀರಿಸುತ್ತಿದ್ದರೆ ಇಬ್ಬರಿಗೂ ಬೇರೆ ಬೇರೆಯಾಗಿ ಸಿಗುತ್ತದೆ. ಕ್ರಯಪತ್ರದಲ್ಲಿ ಹೆಸರಿಲ್ಲದವಳಿಗೆ ಅದೂ ಇಲ್ಲ.

ಇನ್ನು ವರದಕ್ಷಿಣೆ. ಈಗ ಚಿನ್ನದ ಜೊತೆಗೆ “ಫ್ಲ್ಯಾಟಿಗೆ ಮುಂಗಡ ಕೊಡಿ” ಎಂದು ಕೇಳುವ ಬೀಗರಿದ್ದಾರೆ. ಮಗಳ ಸುಖಕ್ಕೆಂದು ತಂದೆ ಹೊಲ ಮಾರುತ್ತಾನೆ. ಮನೆ ಅಳಿಯನ ಹೆಸರಿಗೆ ಆಗುತ್ತದೆ. ಮದುವೆಯ ನೆಪದಲ್ಲಿ ಹೀಗೆ ಕೇಳುವುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಯಾರೇ ಪಡೆದಿದ್ದರೂ ಅದನ್ನು ಮೂರು ತಿಂಗಳೊಳಗೆ ಹುಡುಗಿಗೇ ವರ್ಗಾಯಿಸಬೇಕೆಂದೂ ಆ ಕಾಯ್ದೆ ಹೇಳುತ್ತದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಹೆಸರು ಪತ್ರದಲ್ಲಿ ಇಲ್ಲದಿದ್ದರೂ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ. ಆ ಮನೆ ಅತ್ತೆ ಮಾವನದಾದರೂ ಈ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಇದು ದೊಡ್ಡ ಆಸರೆ. ಆದರೂ ಇದು ಇರುವ ಹಕ್ಕು, ಒಡೆತನವಲ್ಲ.

ಆದ್ದರಿಂದ ಸಹೋದರಿಯರೇ, ಮುಂದಿನ ಸಭೆಗೆ ನಿಮ್ಮ ನಿಮ್ಮ ಮನೆಯ ಪತ್ರಗಳ ಪ್ರತಿ ತನ್ನಿ. ಓದಲು ಬಾರದವರಿಗೆ ಓದುಬಲ್ಲವರು ಓದಿ ಹೇಳಲಿ. ಕ್ರಯಪತ್ರದಲ್ಲಿ ಹೆಸರಿದೆಯೇ ನೋಡಿ. ಕಂದಾಯದ ರಸೀದಿಯಾಗಲಿ, ಖಾತೆಯಾಗಲಿ ಒಡೆತನದ ಪತ್ರವಲ್ಲ. ಹೊಸದಾಗಿ ಕೊಳ್ಳುವವರು ಜಂಟಿ ಹೆಸರಿಗೇ ಬರೆಸಿ, ಯಾರ ಪಾಲು ಎಷ್ಟೆಂದೂ ಬರೆಸಿ. ನಿಮ್ಮ ಖಾತೆಯಿಂದ ಕಟ್ಟಿದ ಕಂತಿನ ಲೆಕ್ಕ ಇಟ್ಟುಕೊಳ್ಳಿ. ಓದಿ ನೋಡದೆ ಯಾವ ಕಾಗದಕ್ಕೂ ಸಹಿ ಬೇಡ, ಹೆಬ್ಬೆಟ್ಟೂ ಬೇಡ.

“ಹೊರಡು ನನ್ನ ಮನೆಯಿಂದ” ಎಂಬ ಮಾತನ್ನು ಎಷ್ಟು ಹೆಂಗಸರು ಕೇಳಿಲ್ಲ! “ಇದು ನನ್ನ ಮನೆಯೂ ಹೌದು” ಎಂದು ಪತ್ರ ತೋರಿಸಿ ಹೇಳುವ ದಿನ ಬರಲಿ.