ಮೋಟಾರ್ ದೊಡ್ಡದಾದರೆ ಲಾಭವೂ ದೊಡ್ಡದೇ?

ಮಾವಿನಕುರ್ವೆಯ ನನ್ನ ಕೆಲವು ಗೆಳೆಯರ ಮನೆಯಲ್ಲಿ ನಾಡದೋಣಿ ಇದೆ. 9.9 ಎಚ್‌ಪಿ ಮೋಟಾರ್ ತೆಗೆದು 25 ಎಚ್‌ಪಿ ಹಾಕುವ ಮಾತು ಅಲ್ಲಿ ಆಗಾಗ ಬರುತ್ತದೆ. ನಮ್ಮ ಮನೆಯಲ್ಲಿ ದೋಣಿ ಇಲ್ಲ. ಆದರೂ ಕಾಮರ್ಸ್ ವಿದ್ಯಾರ್ಥಿನಿಯಾಗಿ ನಾನು ಲೆಕ್ಕ ಕೇಳುತ್ತೇನೆ.

ದೊಡ್ಡ ಮೋಟಾರಿಗೂ ಕಾರಣವಿದೆ. ಗಾಳಿ ಎದ್ದಾಗ, ಅಳಿವೆಯಲ್ಲಿ ಸೆಳೆತ ಜೋರಾದಾಗ ಬೇಗ ದಡ ಸೇರಬಹುದು. ಆದರೆ ಸಾಲದ ಬಡ್ಡಿ, ಸವಕಳಿ ಎರಡೂ ಮೀನು ಸಿಗದ ದಿನವೂ ನಿಲ್ಲುವುದಿಲ್ಲ. ವೇಗ ಸ್ವಲ್ಪ ಏರಿದರೆ ಇಂಧನದ ಖರ್ಚು ಬಹಳ ಏರುತ್ತದೆ. ಮೋಟಾರಿನ ಭಾರವನ್ನು ದೋಣಿಯ ಹಿಂಬದಿಯೂ ತಾಳಬೇಕು.

ಮುಖ್ಯ ಲೆಕ್ಕ ಇನ್ನೊಂದಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ನಮ್ಮ ಕರಾವಳಿಯಲ್ಲಿ 10 ಎಚ್‌ಪಿವರೆಗಿನ ಮೋಟಾರಿನ ನಾಡದೋಣಿಗೆ ವಿನಾಯಿತಿ ಉಂಟು. ಬೋಟುಗಳೆಲ್ಲ ದಡದಲ್ಲಿದ್ದು ಮೀನಿಗೆ ಬೆಲೆ ಬರುವ ಆ ದಿನಗಳಲ್ಲಿ 25 ಎಚ್‌ಪಿ ಮೋಟಾರೂ ದಡದಲ್ಲೇ ಇರಬೇಕು. ಆ ನಷ್ಟವನ್ನು ಉಳಿದ ಹತ್ತು ತಿಂಗಳು ತುಂಬಿಕೊಡುತ್ತವೆಯೇ?

ಕೊಳ್ಳುವ ಮೊದಲು ಒಂದು ತಿಂಗಳ ಇಂಧನ, ಮೀನು, ಹಣ ಬರೆದಿಡಿ. ಅಪ್ಪಂದಿರಿಗೆ ಬಿಡುವಿಲ್ಲದಿದ್ದರೆ ನಾವು ಬರೆಯೋಣ. ಅಕೌಂಟೆನ್ಸಿ ಕಲಿಯುವುದು ಪರೀಕ್ಷೆಗೆ ಮಾತ್ರವೇ?